ಎಳನೀರು ಎಳೆಯುವ ಎಟಿವಿಗೆ ಗೇರ್ ಬೇಕೋ ಬೆಲ್ಟ್ ಬೇಕೋ: ಪಾಂಡವಪುರದ ಒಂದು ತೋಟದ ಪ್ರಕರಣ

ಪಾಂಡವಪುರ ತಾಲ್ಲೂಕಿನಲ್ಲಿ ವಿಶ್ವೇಶ್ವರಯ್ಯ ನಾಲೆಯ ನೀರು ಹಾಯುವ ಒಂದು ತೋಟ. ತೆಂಗು, ಕಬ್ಬು, ತಗ್ಗಿನಲ್ಲಿ ಸ್ವಲ್ಪ ಗದ್ದೆ. ಎಳನೀರು ಸಾಗಿಸಲು ಆ ಮನೆಯವರು ಒಂದು ಎಟಿವಿ ಇಟ್ಟುಕೊಂಡಿದ್ದಾರೆ. ಅಗಲ ಟೈರಿನ, ಬೈಕಿನ ಹಾಗೆ ಎರಡೂ ಕಡೆ ಕಾಲು ಹಾಕಿ ಕೂರುವ ನಾಲ್ಕು ಚಕ್ರದ ಗಾಡಿ ಅದು. ಸೆಕೆಂಡ್ ಹ್ಯಾಂಡ್, ಆಟೋಮ್ಯಾಟಿಕ್. ಎಂಜಿನ್ನಿನ ಎಳೆತವನ್ನು ಚಕ್ರದ ಕಡೆಗೆ ಸಾಗಿಸುವ ಅದರ ಬೆಲ್ಟ್ ಒಂದೇ ವರ್ಷದಲ್ಲಿ ಎರಡು ಸಲ ಸುಟ್ಟುಹೋಯಿತು. ಮೊದಲನೆಯದು ಬೇಸಿಗೆಯಲ್ಲಿ, ಎರಡನೆಯದು ನಾಲೆಗೆ ನೀರು ಬಿಟ್ಟ ಮೇಲೆ.

ಊರಲ್ಲಿ ಎಲ್ಲರದ್ದೂ ಒಂದೇ ಮಾತು. ಆಟೋಮ್ಯಾಟಿಕ್ ಗಾಡಿ ರೆಸಾರ್ಟ್‌ನಲ್ಲಿ ಸುತ್ತು ಹೊಡೆಯೋಕೆ ಸರಿ, ತೋಟದ ಕೆಲಸಕ್ಕೆ ಗೇರ್ ಗಾಡಿಯೇ ಆಗಬೇಕು. ಮನೆಯ ಯಜಮಾನರಿಗೂ ಹಾಗೇ ಅನ್ನಿಸಿತ್ತು. ಮಾರುವ ಮುಂಚೆ ಒಮ್ಮೆ ನೋಡಿಬಿಡಿ ಎಂದು ನನ್ನನ್ನು ಕರೆದರು. ನಾನು ಮೈಸೂರಿನಲ್ಲಿ ಗಾಡಿ ರಿಪೇರಿ ಮಾಡುವವನು. "ಗೇರ್ ಗಾಡಿ ಆಗಿದ್ರೆ ಈ ಪಾಡು ಬತ್ತಿರ್ಲಿಲ್ಲ ಅಲ್ವಾ ಸ್ವಾಮಿ?" ಎಂದು ಯಜಮಾನರು ಕೇಳಿದರು. ಆ ಪ್ರಶ್ನೆಗೆ ಹೌದು ಅಥವಾ ಇಲ್ಲ ಅಂತ ಒಂದೇ ಮಾತಿನಲ್ಲಿ ಹೇಳಲು ಆಗುವುದಿಲ್ಲ. ಅದಕ್ಕೇ ಇದನ್ನು ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ದಾರಿ ಮತ್ತು ಹೊರೆ

ಗಾಡಿ ಬಿಚ್ಚುವ ಮುಂಚೆ ದಾರಿ ನಡೆದು ನೋಡಿದೆ. ತೋಟದಿಂದ ರಸ್ತೆಗೆ ದೂರ ಏನಿಲ್ಲ. ಆದರೆ ದಾರಿ ಬದುವಿನ ಮೇಲೆ ಹೋಗುತ್ತದೆ, ಟ್ರ್ಯಾಕ್ಟರ್ ಹಿಡಿಸುವುದಿಲ್ಲ. ನಡುವೆ ಗದ್ದೆಗೆ ನೀರು ಹಾಯಿಸುವ ಸಣ್ಣ ಕಾಲುವೆಯೊಂದಕ್ಕೆ ಇಳಿದು ದಾಟಬೇಕು. ಕೊನೆಗೆ ತಗ್ಗಿನಿಂದ ರಸ್ತೆಗೆ ಒಂದು ಏರು. ಮದ್ದೂರಿನ ಎಳನೀರು ಮಾರುಕಟ್ಟೆಗೆ ಹೋಗುವ ಟೆಂಪೋ ಆ ಏರಿನ ತುದಿಯಲ್ಲಿ, ರಸ್ತೆಯ ಅಂಚಿಗೆ ನಿಲ್ಲುತ್ತದೆ. ಎಟಿವಿ ಬರುವ ಮುಂಚೆ ತಲೆಹೊರೆಯಲ್ಲಿ, ಆಮೇಲೆ ಟಿವಿಎಸ್ ಎಕ್ಸ್‌ಎಲ್ ಹಿಂದೆ ಗೊನೆ ಕಟ್ಟಿಕೊಂಡು ಸಾಗಿಸುತ್ತಿದ್ದರು. ಬಹುತೇಕ ಎಟಿವಿಗಳಿಗೆ ನಮ್ಮಲ್ಲಿ ರಸ್ತೆ ನೋಂದಣಿ ಇಲ್ಲ. ಈ ಗಾಡಿಯೂ ತೋಟದ ಬೇಲಿ ದಾಟುವುದಿಲ್ಲ.

ಒಂದು ಎಳನೀರು ಹೆಚ್ಚುಕಡಿಮೆ ಒಂದೂವರೆಯಿಂದ ಎರಡು ಕೆ.ಜಿ. ತೂಗುತ್ತದೆ. 150 ಕಾಯಿ ತುಂಬಿದರೆ 250 ಕೆ.ಜಿ. ದಾಟಿತು. ಊರಲ್ಲೇ ಮಾಡಿಸಿದ ಕಬ್ಬಿಣದ ಟ್ರೇಲರ್ ಸುಮಾರು 130. ಗಾಡಿ 300. ಓಡಿಸುವವರು 75. ಎಲ್ಲ ಸೇರಿದರೆ ಮುಕ್ಕಾಲು ಟನ್‌ಗಿಂತ ಸ್ವಲ್ಪ ಜಾಸ್ತಿ. ಏರನ್ನು ದಾರ ಹಿಡಿದು ಅಳೆದಾಗ, ಹತ್ತು ಅಡಿ ಮುಂದೆ ಹೋದರೆ ಎರಡು ಅಡಿ ಮೇಲೆ ಹತ್ತುತ್ತಿತ್ತು. ಅಂದರೆ ಸುಮಾರು 11 ಡಿಗ್ರಿ. ಅಷ್ಟು ಏರಿನಲ್ಲಿ ಆ ತೂಕ ಹಿಂದಕ್ಕೆ ಜಾರದಂತೆ ಹಿಡಿಯುವುದಕ್ಕೇ 150 ಕೆ.ಜಿ.ಯಷ್ಟು ಎಳೆತ ಬೇಕು. ಕೆಸರು ಎಳೆಯುವುದು ಬೇರೆ.

ಇಷ್ಟು ಲೆಕ್ಕ ಹಾಕಿದ ಮೇಲೆ ಬೆಲ್ಟ್ ಯಾಕೆ ಸುಟ್ಟಿರಬಹುದು ಎಂಬ ಅಂದಾಜು ಸಿಕ್ಕಿತು.

ಜಾರುವುದು ಯಾವುದು?

ನಿಂತ ಗಾಡಿ ಹೊರಡುವಾಗ ಎಂಜಿನ್ ತಿರುಗುತ್ತಿರುತ್ತದೆ, ಚಕ್ರ ನಿಂತಿರುತ್ತದೆ. ಇವೆರಡೂ ಹೊಂದಿಕೊಳ್ಳುವ ತನಕ ನಡುವೆ ಏನಾದರೊಂದು ಜಾರಲೇಬೇಕು. ಜಾರಿದ ಕಡೆ ಬಿಸಿ ಹುಟ್ಟುತ್ತದೆ. ಹೊರೆ ಹೆಚ್ಚಿದಷ್ಟೂ, ಏರು ಹೆಚ್ಚಿದಷ್ಟೂ ಜಾಸ್ತಿ ಹೊತ್ತು ಜಾರುತ್ತದೆ. ಗೇರ್ ಗಾಡಿಯೋ ಆಟೋಮ್ಯಾಟಿಕ್ಕೋ ಎಂದು ಕೇಳುವವರು ಮೊದಲು ಕೇಳಬೇಕಾದದ್ದು ಇದನ್ನು: ಈ ಗಾಡಿಯಲ್ಲಿ ಜಾರುವುದು ಯಾವುದು, ಆ ಬಿಸಿ ಎಲ್ಲಿಗೆ ಹೋಗುತ್ತದೆ?

ಗೇರ್ ಎಟಿವಿಯಲ್ಲಿ ಜಾರುವುದು ಕ್ಲಚ್, ಅಂದರೆ ಎಂಜಿನ್ನನ್ನು ಗೇರಿಗೆ ಸೇರಿಸುವ, ಬಿಡಿಸುವ ಭಾಗ. ಅದು ಆಯಿಲ್ ಒಳಗೆ ಮುಳುಗಿರುತ್ತದೆ. ಬಿಸಿಯನ್ನು ಆಯಿಲ್ ಹೀರಿಕೊಳ್ಳುತ್ತದೆ.

ಈ ತೋಟದ ಗಾಡಿಯಲ್ಲಿರುವುದು ಸಿವಿಟಿ ಎಂಬ ಬೆಲ್ಟ್ ವ್ಯವಸ್ಥೆ. ಎಂಜಿನ್ ಕಡೆ ಒಂದು ಪುಲ್ಲಿ, ಗೇರ್ ಬಾಕ್ಸ್ ಕಡೆ ಇನ್ನೊಂದು, ನಡುವೆ ಅಗಲವಾದ ವಿ ಆಕಾರದ ರಬ್ಬರ್ ಬೆಲ್ಟ್. ಎಂಜಿನ್ ನಿಧಾನವಾಗಿರುವಾಗ ಎಂಜಿನ್ ಕಡೆಯ, ಅಂದರೆ ಮುಂದಿನ ಪುಲ್ಲಿಯ ಎರಡು ತಟ್ಟೆಗಳು ದೂರ ಇರುತ್ತವೆ, ಬೆಲ್ಟ್ ಸಡಿಲ. ಆಕ್ಸಿಲರೇಟರ್ ಒತ್ತಿದಾಗ ಪುಲ್ಲಿಯೊಳಗಿನ ತೂಕದ ತುಂಡುಗಳು ಹೊರಕ್ಕೆ ಚಿಮ್ಮಿ ತಟ್ಟೆಗಳನ್ನು ಹತ್ತಿರ ತಳ್ಳುತ್ತವೆ. ತಟ್ಟೆಗಳು ಬೆಲ್ಟನ್ನು ಹಿಡಿಯುತ್ತವೆ, ಗಾಡಿ ಹೊರಡುತ್ತದೆ. ವೇಗ ಏರಿದ ಹಾಗೆ ಬೆಲ್ಟ್ ಮುಂದಿನ ಪುಲ್ಲಿಯಲ್ಲಿ ಮೇಲಕ್ಕೆ ಹತ್ತುತ್ತದೆ, ಹಿಂದಿನ ಪುಲ್ಲಿಯಲ್ಲಿ ಒಳಕ್ಕೆ ಇಳಿಯುತ್ತದೆ. ಗೇರ್ ಬದಲಾಗುವುದು ಹೀಗೆ, ಒಂದು ಚೂರೂ ತಡೆಯಿಲ್ಲದೆ. ಬಹಳ ಚೆಂದದ ವ್ಯವಸ್ಥೆ ಅದು. ಆದರೆ ಈ ಬಗೆಯ ಗಾಡಿಯಲ್ಲಿ ಬೇರೆ ಕ್ಲಚ್ ಇಲ್ಲ. ಬೆಲ್ಟೇ ಕ್ಲಚ್. ಹೊರಡುವಾಗ ಜಾರುವುದು ಅದೇ ರಬ್ಬರ್, ಅದೂ ಆಯಿಲ್ ಇಲ್ಲದ ಒಣ ಗಾಳಿಯಲ್ಲಿ. ಬಾವಿಯ ಹಗ್ಗ ಅಂಗೈಯಲ್ಲಿ ಜಾರಿದರೆ ಚರ್ಮ ಸುಡುವ ಹಾಗೆ, ಬೆಲ್ಟ್ ಒಂದೇ ಜಾಗದಲ್ಲಿ ಉಜ್ಜಿಸಿಕೊಂಡು ಸುಡುತ್ತದೆ.

ಸ್ಕೂಟರಿಗೂ ಬೆಲ್ಟ್ ಇದೆಯಲ್ಲ, ಅದು ಯಾಕೆ ಸುಡುವುದಿಲ್ಲ ಎಂದು ಯಜಮಾನರ ಮಗ ಕೇಳಿದ. ಒಳ್ಳೆಯ ಪ್ರಶ್ನೆ. ಭಾರತಕ್ಕೆ 1984ರಲ್ಲಿ ಕೈನೆಟಿಕ್ ಹೋಂಡಾ ಬಂದಾಗಿನಿಂದ ನಾವು ಗೇರ್ ಇಲ್ಲದ ಬೆಲ್ಟ್ ಸ್ಕೂಟರ್ ನೋಡುತ್ತಿದ್ದೇವೆ. ಅವುಗಳಲ್ಲಿ ಬೆಲ್ಟ್ ಸದಾ ಬಿಗಿ. ಜಾರುವುದು ಹಿಂದಿನ ಪುಲ್ಲಿಯ ಜೊತೆಗಿರುವ ಕ್ಲಚ್ ಶೂ. ಟ್ರಾಫಿಕ್ಕಿನಲ್ಲಿ, ಫ್ಲೈಓವರ್ ಏರಿನಲ್ಲಿ ಜನ ಬ್ರೇಕ್ ಹಿಡಿಯದೆ ಸುಮ್ನೆ ಆಕ್ಸಿಲರೇಟರ್‌ನಲ್ಲೇ ಗಾಡಿ ನಿಲ್ಲಿಸಿಕೊಳ್ಳುತ್ತಾರೆ. ಸ್ಕೂಟರಿನಲ್ಲಿ ಅದರಿಂದ ಶೂ ಸವೆಯುತ್ತದೆ, ಬೆಲ್ಟ್ ಉಳಿಯುತ್ತದೆ. ಅದೇ ಅಭ್ಯಾಸವನ್ನು ಈ ಎಟಿವಿಗೆ ತಂದರೆ ಬೆಲ್ಟ್ ಹೋಗುತ್ತದೆ.

ಈ ತೋಟದಲ್ಲಿ ಆದದ್ದು ಇದೇ. ಎಳನೀರು ಗಾಡಿ ಹೆಚ್ಚಾಗಿ ಓಡಿಸುವುದು ಮನೆಯ ಕೆಲಸದ ಅಣ್ಣ. ಅವರು ಕಲಿತದ್ದು ಗೇರ್ ಇಲ್ಲದ ಸ್ಕೂಟರ್. ಏರಿನ ತುದಿಯಲ್ಲಿ ಟೆಂಪೋ ಅಡ್ಡ ಇದ್ದರೆ, ಅದು ಸರಿಯುವ ತನಕ ಅವರು ಅರ್ಧ ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಹಿಡಿದು ನಿಲ್ಲುತ್ತಿದ್ದರು. ಹಿಂದೆ ಟ್ರೇಲರ್ ತುಂಬ ಎಳನೀರು.

ಇನ್ನೊಂದು ವಿಷಯ ಇದಕ್ಕಿಂತ ದೊಡ್ಡದು. ಗಾಡಿಯ ಗೇರ್ ಕೋಲಿನಲ್ಲಿ ಎಚ್ ಮತ್ತು ಎಲ್ ಎಂದು ಎರಡು ಸ್ಥಾನಗಳಿದ್ದವು. ಎಚ್ ಓಡಾಟಕ್ಕೆ, ಎಲ್ ಹೊರೆಗೆ ಮತ್ತು ಏರಿಗೆ. ಎಲ್ ಹಾಕಿದರೆ ವೇಗ ಕಡಿಮೆಯಾಗಿ ಎಳೆತ ಹೆಚ್ಚುತ್ತದೆ. ಬೆಲ್ಟ್ ಬೇಗ ಹಿಡಿದುಕೊಳ್ಳುತ್ತದೆ, ಜಾರುವ ಹೊತ್ತು ಕಡಿಮೆಯಾಗುತ್ತದೆ. ಗಂಟೆಗೆ ಹತ್ತು ಕಿ.ಮೀ. ಆಸುಪಾಸಿನ ಕೆಲಸ, ಹೊರೆ ಎಳೆಯುವ ಕೆಲಸ ಏನಿದ್ದರೂ ಅದು ಎಲ್‌ನಲ್ಲೇ ಆಗಬೇಕು. ಈ ಮನೆಯಲ್ಲಿ ಎಲ್ ಅನ್ನು ಯಾರೂ ಮುಟ್ಟಿರಲಿಲ್ಲ. ಮಾರಿದವರು ಹೇಳಿಕೊಟ್ಟಿರಲಿಲ್ಲ. ಗಾಡಿಯ ಜೊತೆ ಪುಸ್ತಕವೂ ಬಂದಿರಲಿಲ್ಲ.

ಎರಡನೇ ಬೆಲ್ಟಿನ ಕಥೆ ಬೇರೆ. ಬೆಲ್ಟ್ ತಣ್ಣಗಿರಲಿ ಎಂದು ಅದರ ಡಬ್ಬಿಗೆ ಗಾಳಿ ಒಳಬರುವ ಒಂದು ಕೊಳವೆ, ಹೊರಹೋಗುವ ಒಂದು ಕೊಳವೆ ಇರುತ್ತವೆ. ಒಳಬರುವ ಕೊಳವೆಯ ಬಾಯಲ್ಲಿ ಕಬ್ಬಿನ ತರಗು ತುಂಬಿ ಅರ್ಧ ಮುಚ್ಚಿಹೋಗಿತ್ತು. ಡಬ್ಬಿಯ ತಳದ ನೀರು ಬಿಡುವ ಬಿರಡೆ ತೆಗೆದೆ. ಕೆಂಪು ನೀರು ಸುರಿಯಿತು. ನಾಲೆಗೆ ನೀರು ಬಿಟ್ಟ ಮೇಲೆ ಸಣ್ಣ ಕಾಲುವೆ ತುಂಬಿ ಹರಿಯುತ್ತಿತ್ತು, ಗಾಡಿ ಅದನ್ನು ದಾಟುವಾಗ ನೀರು ಒಳಹೊಕ್ಕಿತ್ತು. ಒದ್ದೆ ಬೆಲ್ಟ್ ಹಿಡಿಯುವುದಿಲ್ಲ, ಜಾರುತ್ತಲೇ ಇರುತ್ತದೆ. ಅದರ ಮೇಲೆ, ಮೊದಲ ಸಲ ಬೆಲ್ಟ್ ಬದಲಿಸಿದವರು ಪುಲ್ಲಿಯ ಮುಖಕ್ಕೆ ಅಂಟಿದ್ದ ಸುಟ್ಟ ರಬ್ಬರನ್ನು ಒರೆಸಿರಲಿಲ್ಲ. ಹೊಸ ಬೆಲ್ಟ್ ಮೊದಲ ದಿನದಿಂದಲೇ ನುಣುಪಾದ ಕಪ್ಪು ಪದರದ ಮೇಲೆ ಓಡುತ್ತಿತ್ತು. ಬೆಲ್ಟ್ ತೆಗೆದು ಬೆಳಕಿಗೆ ಹಿಡಿದಾಗ ಎರಡೂ ಬದಿ ಗಾಜಿನ ಹಾಗೆ ಹೊಳೆಯುತ್ತಿತ್ತು, ಒಂದು ಕಡೆ ತಗ್ಗು ಬಿದ್ದು ತೆಳುವಾಗಿತ್ತು. ಗಾಡಿ ನಿಂತಲ್ಲೇ ಪುಲ್ಲಿ ತಿರುಗಿದರೆ ಆ ಗುರುತು ಬೀಳುತ್ತದೆ.

ಈ ಬೆಲ್ಟ್ ವ್ಯವಸ್ಥೆ ಎಟಿವಿಗೆ ಬಂದದ್ದು ಹಿಮದ ನಾಡಿನಿಂದ. ಅಮೆರಿಕದ ಪೋಲಾರಿಸ್ ಕಂಪನಿ ಹಿಮದ ಮೇಲೆ ಓಡುವ ಸ್ನೋಮೊಬೈಲ್ ಮಾಡುತ್ತಿತ್ತು. ಅದರ ಬೆಲ್ಟನ್ನೇ 1985ರ ತನ್ನ ಮೊದಲ ಎಟಿವಿಗೂ ತಂದಿತು. ಅಲ್ಲಿನ ಗಾಳಿ ಬೆಲ್ಟನ್ನು ಸುಲಭವಾಗಿ ತಣಿಸುತ್ತದೆ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ, ನಡಿಗೆಯ ವೇಗದಲ್ಲಿ, ಕೊಳವೆಗೆ ತರಗು ತುಂಬಿಕೊಂಡರೆ ತಣಿಸುವ ಗಾಳಿ ಎಲ್ಲಿಂದ ಬರಬೇಕು?

ಗೇರ್ ಗಾಡಿ ತಂದು ನೋಡಿದ್ದು

ಕಾರಣ ಸಿಕ್ಕಿತು ಎಂದ ಮಾತ್ರಕ್ಕೆ ಆಟೋಮ್ಯಾಟಿಕ್ಕೇ ಸರಿ ಎಂದಾಗುವುದಿಲ್ಲ. ಶ್ರೀರಂಗಪಟ್ಟಣದ ಕಡೆ ಫಾರ್ಮ್ ನಡೆಸುವ ಪರಿಚಯದವರ ಬಳಿ ಗೇರ್ ಎಟಿವಿ ಇತ್ತು. ಕೊಯ್ಲಿನ ಹೊತ್ತಿಗೆ ಅದನ್ನು ಕೇಳಿ ತಂದೆವು. ಅದೇ ಏರು, ಅದೇ ಟ್ರೇಲರ್, ಅದೇ ಹೊರೆ.

ಗೇರ್ ಎಟಿವಿ ಎಂದರೆ ಎರಡು ಜಾತಿ. ಒಂದು ಓಟದ ಗಾಡಿ. ಯಮಹಾದ ವೈಎಫ್‌ಜೆಡ್450ಆರ್ ಅಂಥದ್ದು. ಐದು ಗೇರ್, ಕೈ ಕ್ಲಚ್, ಬೈಕಿನ ಹಾಗೇ. ರಿವರ್ಸ್ ಇಲ್ಲ. ಟ್ರೇಲರ್ ಹಿಂದಕ್ಕೆ ತಳ್ಳಬೇಕಾದ ತೋಟದಲ್ಲಿ ಅದಕ್ಕೆ ಜಾಗವಿಲ್ಲ. ಗೇರ್ ಗಾಡಿ ಗಟ್ಟಿ ಎಂದು ಕೇಳಿ ಇಂಥದ್ದನ್ನು ಕೊಳ್ಳಬೇಡಿ.

ಎರಡನೆಯದು ಕೆಲಸದ ಗಾಡಿ. ಎಡಗಾಲಿನಲ್ಲಿ ಗೇರ್ ಪೆಡಲ್ ಇರುತ್ತದೆ, ಕೈ ಕ್ಲಚ್ ಇರುವುದಿಲ್ಲ. ಹೊರಡುವಾಗ ಎಂಜಿನ್ ವೇಗಕ್ಕೆ ತಾನೇ ಹಿಡಿಯುವ ಒಂದು ಕ್ಲಚ್, ಪೆಡಲ್ ಒತ್ತಿದಾಗ ತಾನೇ ಬಿಡುವ ಇನ್ನೊಂದು. ಎರಡೂ ಆಯಿಲ್‌ನಲ್ಲಿ. ಹೋಂಡಾ 1970ರ ಮೂರು ಚಕ್ರದ ಗಾಡಿಯಿಂದಲೇ ಕ್ಲಚ್ ಲಿವರ್ ಇಲ್ಲದ ಗೇರನ್ನು ಎಟಿವಿಗೆ ಕೊಟ್ಟಿತ್ತು. ಮೈಸೂರಿನವರಿಗೆ ಇದರ ಅರ್ಧ ಭಾಗ ಚೆನ್ನಾಗಿ ಗೊತ್ತು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿ ಬೈಕುಗಳಲ್ಲಿ ಗೇರ್ ಪೆಡಲ್ ಒತ್ತಿದರೆ ಕ್ಲಚ್ ತಾನೇ ಬಿಡುವ ವ್ಯವಸ್ಥೆ ಇತ್ತು. ನಿಂತಲ್ಲಿಂದ ಹೊರಡಲು ಮಾತ್ರ ಕೈ ಕ್ಲಚ್ ಬೇಕಿತ್ತು. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. ಆ ಗೇರ್ ಗೊತ್ತಿರುವ ಹಳೇ ಮೆಕ್ಯಾನಿಕ್‌ಗಳು ಊರಲ್ಲಿ ಇನ್ನೂ ಇದ್ದಾರೆ. ಅವರ ಮುಂದೆ ಈ ಎಟಿವಿ ಇಟ್ಟರೆ ಅರ್ಧ ಗಂಟೆಯಲ್ಲಿ ಅರ್ಥ ಮಾಡಿಕೊಳ್ಳುತ್ತಾರೆ.

ಏರಿನಲ್ಲಿ ಒಂದನೇ ಗೇರ್ ಹಾಕಿ ಹೊರಟರೆ ಗೇರ್ ಗಾಡಿ ಹೊರೆಯನ್ನು ನಿಧಾನವಾಗಿ, ಗಟ್ಟಿಯಾಗಿ ಎಳೆಯಿತು. ಸುಟ್ಟ ವಾಸನೆ ಇಲ್ಲ. ಕಾಲುವೆ ದಾಟಿದ ಮೇಲೂ ಎಳೆತದಲ್ಲಿ ವ್ಯತ್ಯಾಸ ಕಾಣಲಿಲ್ಲ, ಯಾಕೆಂದರೆ ಕ್ಲಚ್ ಇರುವ ಜಾಗಕ್ಕೆ ನೀರು ಹೋಗುವುದಿಲ್ಲ. ಯಜಮಾನರ ಮುಖ ಅರಳಿತು.

ಆಮೇಲೆ ಮಗ ಓಡಿಸಿದ. ಬೈಕ್ ಓಡಿಸಿ ಅಭ್ಯಾಸ ಇರುವ ಹುಡುಗ. ಬದುವಿನ ಮೇಲೆ ಎರಡನೇ ಗೇರಿನಲ್ಲಿ ಬಂದು ಅದೇ ವೇಗದಲ್ಲಿ ಏರಿಗೆ ನುಗ್ಗಿದ. ಅರ್ಧಕ್ಕೆ ಎಂಜಿನ್ ಉಸಿರು ಕಟ್ಟಿತು. ಒಂದಕ್ಕೆ ಇಳಿಸಲು ಪೆಡಲ್ ಒತ್ತಿದ. ಒತ್ತಿದ ಕ್ಷಣ ಕ್ಲಚ್ ಬಿಟ್ಟಿತು, ಗಾಡಿ ಮತ್ತು ಟ್ರೇಲರ್ ಹಿಂದಕ್ಕೆ ಸರಿದವು. ಬ್ರೇಕ್ ಹಿಡಿದ, ನಿಂತಿತು. ಆದರೆ ಟ್ರೇಲರ್ ಸ್ವಲ್ಪ ಅಡ್ಡ ತಿರುಗಿತ್ತು. ಬದಿಯಲ್ಲಿ ಗದ್ದೆ. ಬೆಲ್ಟ್ ಗಾಡಿಯಲ್ಲಿ ಏರಿನ ನಡುವೆ ಗೇರ್ ಬದಲಿಸುವ ಪ್ರಸಂಗವೇ ಇಲ್ಲ. ಎಲ್ ಹಾಕಿಕೊಂಡು ಹೊರಟರೆ ತುದಿ ಮುಟ್ಟುವ ತನಕ ಆಕ್ಸಿಲರೇಟರ್ ಒತ್ತುವ ಹೆಬ್ಬೆರಳಿನ ಕೆಲಸ ಒಂದೇ.

ಯಜಮಾನರಿಗೆ ಎಡ ಮಂಡಿ ನೋವು. ಹವಾಯಿ ಚಪ್ಪಲಿಯಲ್ಲಿ ಓಡಿಸುತ್ತಾರೆ. ಗೇರ್ ಮೇಲಕ್ಕೆ ಎತ್ತುವಾಗ ಪೆಡಲ್ ಪಾದದ ಮೇಲ್ಭಾಗಕ್ಕೆ ಒತ್ತುತ್ತಿತ್ತು. ಶೂ ಹಾಕಿ ಅಂದರೆ ಗದ್ದೆ ಕೆಸರಿನಲ್ಲಿ ಶೂ ಹಾಕುವವರು ಯಾರು? ಕೆಲಸದ ಅಣ್ಣ ಎರಡು ದಿನದಲ್ಲಿ ಗೇರ್ ಕಲಿತರು, ಆದರೆ ಅವರಿಗೆ ಬೆಲ್ಟ್ ಗಾಡಿಯೇ ಇಷ್ಟ. ದಿನವಿಡೀ ಎಳನೀರು ತುಂಬಿ ಇಳಿಸಿ ದಣಿದವರಿಗೆ ಗೇರಿನ ಕಡೆ ಗಮನ ಉಳಿಯುವುದಿಲ್ಲ ಎಂದರು. ಆ ಮಾತಿಗೆ ನಾನು ತುಂಬಾ ಬೆಲೆ ಕೊಡುತ್ತೇನೆ. ಗಾಡಿ ಓಡಿಸುವವರು ಅವರು.

ಒಂದು ವಿಷಯದಲ್ಲಿ ಗೇರ್ ಗಾಡಿ ನಿಸ್ಸಂಶಯವಾಗಿ ಮೇಲು. ಇಳಿಜಾರು. ರಸ್ತೆಯಿಂದ ತೋಟಕ್ಕೆ ಗೊಬ್ಬರ ಇಳಿಸುವಾಗ ಟ್ರೇಲರ್ ತುಂಬಿರುತ್ತದೆ, 45 ಕೆ.ಜಿ.ಯ ಯೂರಿಯಾ ಮೂಟೆಗಳು. ಗೇರ್ ಗಾಡಿಯನ್ನು ಒಂದರಲ್ಲಿ ಬಿಟ್ಟರೆ ಎಂಜಿನ್ನೇ ಹಿಡಿದು ನಿಧಾನವಾಗಿ ಇಳಿಸುತ್ತದೆ. ಈ ಬೆಲ್ಟ್ ಗಾಡಿಯಲ್ಲಿ ಆಕ್ಸಿಲರೇಟರ್ ಬಿಟ್ಟು ಎಂಜಿನ್ ವೇಗ ಇಳಿದ ಕೂಡಲೇ ಪುಲ್ಲಿ ಬೆಲ್ಟನ್ನು ಬಿಟ್ಟುಬಿಡುತ್ತದೆ. ಆಗ ಗಾಡಿ ನ್ಯೂಟ್ರಲ್‌ನಲ್ಲಿ ಇದ್ದ ಹಾಗೆ. ಹಿಂದಿನ ಟ್ರೇಲರ್ ತಳ್ಳುತ್ತದೆ. ಹಿಂದೊಮ್ಮೆ ಯಜಮಾನರು ಗೊಬ್ಬರ ಇಳಿಸುವಾಗ ಹೀಗೇ ತಳ್ಳಿಸಿಕೊಂಡು ಗಾಡಿ ಅಡ್ಡವಾಗಿತ್ತಂತೆ. ಪುಣ್ಯಕ್ಕೆ ಯಾರಿಗೂ ಏಟಾಗಲಿಲ್ಲ. ಎಲ್ಲ ಸಿವಿಟಿ ಗಾಡಿಗಳೂ ಹೀಗಲ್ಲ. ಕೆಲವದರಲ್ಲಿ ಬೆಲ್ಟ್ ಸದಾ ಬಿಗಿಯಾಗಿದ್ದು, ಎಂಜಿನ್ ಮತ್ತು ಪುಲ್ಲಿಯ ನಡುವೆ ಆಯಿಲ್‌ನಲ್ಲಿ ಮುಳುಗಿದ ಕ್ಲಚ್ ಇರುತ್ತದೆ. ಯಮಹಾದ ಕೆಲಸದ ಎಟಿವಿಗಳು ಈ ಬಗೆಯವು. ಅವುಗಳಲ್ಲಿ ಹೊರಡುವಾಗ ಜಾರುವುದು ಆ ಕ್ಲಚ್. ಇಳಿಜಾರಿನಲ್ಲಿ ಎಂಜಿನ್ ಹಿಡಿತವೂ ಸಿಗುತ್ತದೆ. ಸೆಕೆಂಡ್ ಹ್ಯಾಂಡ್ ಆಟೋಮ್ಯಾಟಿಕ್ ಕೊಳ್ಳುವವರು ಬಣ್ಣ, ಟೈರ್ ನೋಡುವ ಮುಂಚೆ ಇದನ್ನು ಕೇಳಿ.

ರಿಪೇರಿಯ ಲೆಕ್ಕವೂ ಇದೆ. ಗೇರ್ ಗಾಡಿಯ ಕ್ಲಚ್ ಸುಡುವುದೇ ಇಲ್ಲ ಎಂದಲ್ಲ. ಎರಡನೇ ಗೇರಿನಲ್ಲಿ ಏರು ಹತ್ತಿಸುತ್ತಾ ಹೋದರೆ ಅದೂ ಸುಡುತ್ತದೆ. ಆಗ ಆಯಿಲ್ ಇಳಿಸಿ ಎಂಜಿನ್ ಬದಿಯ ಕವರ್ ಬಿಚ್ಚಬೇಕು. ಬೆಲ್ಟನ್ನು ತೋಟದ ತೆಂಗಿನ ನೆರಳಲ್ಲೇ ಬದಲಿಸಬಹುದು. ಒಂದು ಬೆಲ್ಟ್ ಮನೆಯಲ್ಲಿ ಇಟ್ಟುಕೊಂಡರೆ ಕೊಯ್ಲು ನಿಲ್ಲುವುದಿಲ್ಲ.

ತೀರ್ಮಾನ ಮತ್ತು ಆಮೇಲಿನದು

ಆಟೋಮ್ಯಾಟಿಕ್ ಗಾಡಿಯನ್ನೇ ಇಟ್ಟುಕೊಳ್ಳಿ ಎಂದೆ. ಓಡಿಸುವವರು ಮೂವರು, ಅದರಲ್ಲಿ ಒಬ್ಬರಿಗೆ ಮಂಡಿ ನೋವು, ಒಬ್ಬರಿಗೆ ಗೇರ್ ಬೇಡ. ಹೆಚ್ಚಿನ ಹೊರೆ ಹತ್ತುವುದು ಮೇಲಕ್ಕೆ, ಕೆಳಕ್ಕೆ ಕಡಿಮೆ. ಈ ಮನೆಯ ಮಟ್ಟಿಗೆ ಅದೇ ಸರಿ ಎಂದು ಈಗಲೂ ನನ್ನ ಅಭಿಪ್ರಾಯ.

ಪುಲ್ಲಿಗಳನ್ನು ಉಜ್ಜಿ ಒರೆಸಿ ಒಣಗಿಸಿದೆ. ಅಲ್ಲಿಗೆ ಗ್ರೀಸ್, ಆಯಿಲ್ ಸೋಕಬಾರದು. ಗಾಳಿ ಕೊಳವೆ ಬಿಡಿಸಿ, ಅದರ ಬಾಯಿ ಮೇಲಕ್ಕೆ ಬರುವ ಹಾಗೆ ಕಟ್ಟಿ, ತರಗು ನುಗ್ಗದಂತೆ ಜಾಲರಿ ಹಾಕಿದೆ. ಹೊಸ ಬೆಲ್ಟಿಗೆ ಮೊದಲ ಎಂಬತ್ತು ಕಿ.ಮೀ. ಹೊರೆ ಬೇಡ, ಒಂದೇ ವೇಗದಲ್ಲಿ ಓಡಿಸಬೇಡಿ ಎಂದೆ. ಮಗ ಒಪ್ಪಿದ, ಯಜಮಾನರು ಗೊಣಗಿದರು, ಆದರೂ ಖಾಲಿ ಗಾಡಿ ಓಡಿಸಿದರು. ಟ್ರೇಲರ್ ಕಟ್ಟಿದರೆ ಎಲ್ ಹಾಕಲೇಬೇಕು ಎಂದು ಕೆಲಸದ ಅಣ್ಣನಿಗೆ ಹೇಳಿದ್ದು ಅವರಿಗೆ ಒಂದೇ ಸಲಕ್ಕೆ ಹಿಡಿಸಿತು. ಏರಿನಲ್ಲಿ ನಿಲ್ಲಬೇಕಾದರೆ ಬ್ರೇಕ್. ಕಾಲುವೆ ತುಂಬಿದ್ದಾಗ ದಾಟಿದರೆ ಬಿರಡೆ ತೆಗೆದು ನೀರು ಬಿಡಬೇಕು, ನ್ಯೂಟ್ರಲ್‌ನಲ್ಲಿ ಸ್ವಲ್ಪ ರೇಸ್ ಕೊಟ್ಟು ಒಣಗಿಸಬೇಕು. ಗೊಬ್ಬರ ಇಳಿಸುವಾಗ ಇಳಿಜಾರು ಶುರುವಾಗುವ ಮುಂಚೆಯೇ ಎಲ್, ಅರ್ಧ ಹೊರೆ, ಮೊದಲಿಂದಲೇ ಬ್ರೇಕ್.

ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಗಾಡಿಗೆ ಸಂಬಂಧವೇ ಇಲ್ಲದ ಒಂದು ಬದಲಾವಣೆ. ಮಗ ಜೆಸಿಬಿ ತರಿಸಿ ಏರನ್ನು ಉದ್ದ ಮಾಡಿಸಿದ. ಈಗ ಅದು ಹತ್ತು ಅಡಿಗೆ ಒಂದೇ ಅಡಿ ಹತ್ತುತ್ತದೆ. 150 ಕೆ.ಜಿ. ಬೇಕಿದ್ದ ಎಳೆತ ಸುಮಾರು 76ಕ್ಕೆ ಇಳಿಯಿತು. ಬೆಲ್ಟಿಗೆ ಇಳಿದ ಭಾರ ಅದು. ಗೇರ್ ಗಾಡಿ ಇದ್ದಿದ್ದರೂ ಅದರ ಕ್ಲಚ್ಚಿಗೆ ಅಷ್ಟೇ ಇಳಿಯುತ್ತಿತ್ತು.

ಮುಂದಿನ ಬೇಸಿಗೆ ಕಳೆದ ಮೇಲೆ ಬೆಲ್ಟ್ ತೆಗೆದು ನೋಡಿದೆ. ಬದಿಗಳು ಮಂಕಾಗಿದ್ದವು, ಹೊಳಪು ಇರಲಿಲ್ಲ, ತಗ್ಗು ಇರಲಿಲ್ಲ. ಅಗಲ ಅಳೆದು ಅದನ್ನೇ ಮತ್ತೆ ಹಾಕಿದೆ.

ಈ ಸುದ್ದಿ ಕೇಳಿ ಮೇಲುಕೋಟೆ ಕಡೆಯ ಅವರ ನೆಂಟರೊಬ್ಬರು ಬಂದರು. ಅವರ ತೋಟ ಗುಡ್ಡದ ಓರೆಯಲ್ಲಿದೆ, ರಸ್ತೆ ಕೆಳಗೆ. ಅಂದರೆ ಹೊರೆಯೆಲ್ಲ ಕೆಳಕ್ಕೆ ಇಳಿಯುತ್ತದೆ, ಹತ್ತುವಾಗ ಟ್ರೇಲರ್ ಖಾಲಿ. ಓಡಿಸುವವರು ಅವರೊಬ್ಬರೇ, ಇಪ್ಪತ್ತು ವರ್ಷದಿಂದ ಬೈಕ್ ಓಡಿಸಿದವರು. ಅವರಿಗೂ ಆಟೋಮ್ಯಾಟಿಕ್ಕೇ ಕೊಡಿಸಿ ಎಂದು ಯಜಮಾನರು ಒತ್ತಾಯ ಮಾಡಿದರು. ನಾನು ಬೇಡ ಎಂದೆ. ಕಾಲಿನಲ್ಲಿ ಗೇರ್ ಹಾಕುವ, ರಿವರ್ಸ್ ಇರುವ ಕೆಲಸದ ಗಾಡಿಯೊಂದನ್ನು ಅವರಿಗಾಗಿ ಈಗ ಹುಡುಕುತ್ತಿದ್ದೇವೆ.